ಓಪನ್ ಲೈಸೆನ್ಸ್‌ನಲ್ಲಿ ಆಟದ ಪುಸ್ತಕ: ಹಕ್ಕಿನ ಪುಟದಲ್ಲಿ ಏನೇನು ಇರಬೇಕು?

ಪ್ರಶ್ನೆ: ಪಾತ್ರ ವಹಿಸಿ ಆಡುವ ಕಥೆಯಾಟ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಐದನೇ ಆವೃತ್ತಿಯ ನಿಯಮಗಳಿಗೆ ಹೊಂದುವ 32 ಪುಟದ ಕನ್ನಡ ಸಾಹಸವೊಂದನ್ನು (ಆಡಿಸಲು ಸಿದ್ಧಪಡಿಸಿದ ಕಥೆ) ಪಿಡಿಎಫ್ ಮಾಡಿ ಮಾರಬೇಕು. ನಿಯಮ ಎಸ್‌ಆರ್‌ಡಿ 5.1ರಿಂದ (ಆಟದ ಮೂಲ ನಿಯಮಗಳನ್ನು ಬೇರೆಯವರ ಬಳಕೆಗೆ ಬಿಟ್ಟ ದಾಖಲೆ), ನಾಲ್ಕು ಮಾನ್‌ಸ್ಟರ್‌ಗಳು ಬೇರೆ ಪ್ರಕಾಶಕರ ಹಳೆಯ ಓಜಿಎಲ್ (ಓಪನ್ ಗೇಮ್ ಲೈಸೆನ್ಸ್) ಪುಸ್ತಕದಿಂದ. ಓಜಿಎಲ್ 2023ರಲ್ಲೇ ರದ್ದಾಯಿತು ಅನ್ನುವವರಿದ್ದಾರೆ. ಯಾವ ಲೈಸೆನ್ಸ್ ಹಾಕಲಿ, ಓದುಗರಿಗೆ ಹೇಗೆ ಹೇಳಲಿ?

ಸಂಪಾದನೆಯ ಕಡೆಯಿಂದ: ರದ್ದಾಗಿಲ್ಲ. 2023ರ ಜನವರಿ 5ರಂದು ಸೋರಿಕೆಯಾಗಿ ಸುದ್ದಿಯಾದದ್ದು ಓಜಿಎಲ್ 1.1 ಎಂಬ ಹೊಸ ಕರಡು. ವರ್ಷಕ್ಕೆ 7.5 ಲಕ್ಷ ಡಾಲರ್ ಮೀರಿದ ಆದಾಯದ ಮೇಲೆ ಶೇ 25ರ ರಾಯಧನ, ಹಳೆಯ ಆವೃತ್ತಿ 1.0ಎಗೆ ಇನ್ನು ಮಾನ್ಯತೆ ಇಲ್ಲ ಎಂಬ ಮಾತು, ಎರಡೂ ಅದರಲ್ಲಿದ್ದವು. ಅದು ಜಾರಿಗೆ ಬರಲೇ ಇಲ್ಲ; ಜನವರಿ 19ರ 1.2 ಕರಡೂ ಅಷ್ಟೇ. ಜನವರಿ 27ಕ್ಕೆ ಆಟದ ಪ್ರಕಾಶನ ಸಂಸ್ಥೆ ವಿಜಾರ್ಡ್ಸ್ ಆಫ್ ದ ಕೋಸ್ಟ್ 1.0ಎ ಅನ್ನು ಇದ್ದ ಹಾಗೇ ಬಿಟ್ಟು, ಎಸ್‌ಆರ್‌ಡಿ 5.1 ಅನ್ನು ಸಿಸಿ-ಬೈ 4.0 (ಮೂಲ ಹೇಳಿ ಬಳಸಬಹುದಾದ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್) ಅಡಿಯಲ್ಲೂ ಕೊಟ್ಟಿತು. ಕರಡನ್ನೂ ಜಾರಿಯಲ್ಲಿರುವುದನ್ನೂ ಎಲ್ಲರೂ ಬರೀ ‘ಓಜಿಎಲ್’ ಅಂದುಬಿಟ್ಟದ್ದರಿಂದಲೇ ಗೊಂದಲ ಇನ್ನೂ ಉಳಿದಿದೆ. ನೀವು ಬರೆಯುವಾಗ ಪ್ರತಿಸಲ ಆವೃತ್ತಿಯ ಸಂಖ್ಯೆ ಹಾಕಿ. ಸಿಸಿ-ಬೈ 4.0 ಹಿಂಪಡೆಯಲಾಗದ್ದು ಎಂದು ಅದರಲ್ಲೇ ಬರೆದಿದೆ, 1.0ಎಯಲ್ಲಿ ಆ ಮಾತಿಲ್ಲ. ಆಯ್ಕೆ ಇರುವ ಕಡೆ ಸಿಸಿಯನ್ನೇ ಹಿಡಿಯಿರಿ.

ಪುಟವಿನ್ಯಾಸದ ಕಡೆಯಿಂದ: ಎಸ್‌ಆರ್‌ಡಿಯ ಮೊದಲಲ್ಲೇ ಮೂಲ ಸೂಚಿಸುವ ವಾಕ್ಯ ಕೊಟ್ಟಿದ್ದಾರೆ. ಅದನ್ನು ಇಂಗ್ಲಿಷಿನಲ್ಲೇ, ಒಂದಕ್ಷರ ಬದಲಿಸದೆ ಹಾಕಿ. ಅದರ ಕೆಳಗೆ ‘ಕನ್ನಡಕ್ಕೆ ಅನುವಾದಿಸಿ, ಬದಲಾವಣೆ ಮಾಡಲಾಗಿದೆ’ ಎಂಬ ಸಾಲು ಬರಲಿ. ಬದಲಾಯಿಸಿದ್ದನ್ನು ತಿಳಿಸುವುದು ಸಿಸಿ-ಬೈ ಷರತ್ತು, ಅನುವಾದವೂ ಬದಲಾವಣೆಯೇ.

ಕಷ್ಟ ಇರುವುದು ಆ ನಾಲ್ಕು ಮಾನ್‌ಸ್ಟರ್‌ಗಳಲ್ಲಿ. ಅವು ಬೇಕೆಂದರೆ 1.0ಎಯ ಪೂರ್ಣ ಪಠ್ಯ ಪಿಡಿಎಫ್ ಒಳಗೇ ಇರಬೇಕು, ಲಿಂಕ್ ಸಾಲದು. ಯಾವ ಭಾಗ ಓಪನ್ ಗೇಮ್ ಕಂಟೆಂಟ್ (ಬೇರೆಯವರೂ ಬಳಸಬಹುದಾದ ಭಾಗ) ಎಂದು ಸ್ಪಷ್ಟವಾಗಿ ಗುರುತಿಸಬೇಕು. ಹೆಚ್ಚಿನವರು ಎಡವುವುದು ಲೈಸೆನ್ಸ್‌ನ ಸೆಕ್ಷನ್ 15ರಲ್ಲಿ, ಅಂದರೆ ಕಾಪಿರೈಟ್ ಸೂಚನೆಗಳ ಪಟ್ಟಿಯಲ್ಲಿ: ‘ಇಂಥ ಪುಸ್ತಕ ಆಧಾರಿತ’ ಎಂದಷ್ಟೇ ಬರೆಯುತ್ತಾರೆ. ಮೂಲ ಪುಸ್ತಕದ ಸೆಕ್ಷನ್ 15ರಲ್ಲಿರುವ ಅಷ್ಟೂ ಸಾಲುಗಳನ್ನು ಯಥಾವತ್ತಾಗಿ ಇಳಿಸಿ, ಕೊನೆಗೆ ನಿಮ್ಮ ಪುಸ್ತಕದ ಹೆಸರು, ವರ್ಷ, ಹಕ್ಕುದಾರರ ಹೆಸರು ಸೇರಿಸಬೇಕು. ತಪ್ಪು ಗೊತ್ತಾದ 30 ದಿನದೊಳಗೆ ಸರಿಪಡಿಸದಿದ್ದರೆ ಲೈಸೆನ್ಸ್ ತಾನಾಗಿ ಕೊನೆಯಾಗುತ್ತದೆ. ಆ ಪುಸ್ತಕದ ಪ್ರಾಡಕ್ಟ್ ಐಡೆಂಟಿಟಿ (ಪ್ರಕಾಶಕರು ತಮಗೇ ಕಾಯ್ದಿರಿಸಿಕೊಂಡ ಭಾಗಗಳು) ಪಟ್ಟಿಯನ್ನೂ ಓದಿ; ಅಂಕಿಪಟ್ಟಿ (ಆಟದಲ್ಲಿ ಬಳಸುವ ಶಕ್ತಿ, ಸಾಮರ್ಥ್ಯಗಳ ವಿವರ) ಓಪನ್ ಇದ್ದು ಮಾನ್‌ಸ್ಟರ್‌ನ ಹೆಸರು ಮಾತ್ರ ಕಾಯ್ದಿರಿಸಿರುವುದುಂಟು. ನನ್ನನ್ನು ಕೇಳಿದರೆ, ನಾಲ್ಕೇ ತಾನೆ, ಹೊಸದಾಗಿ ನೀವೇ ಬರೆದುಕೊಂಡು 1.0ಎಯ ಹಂಗು ಬಿಡಿ.

ಇನ್ನೊಬ್ಬರು: ಮುಖಪುಟದ ಬಗ್ಗೆ. ‘ಐದನೇ ಆವೃತ್ತಿಗೆ ಹೊಂದುತ್ತದೆ’ ಎನ್ನಬಹುದು, ಎಸ್‌ಆರ್‌ಡಿಯೇ ಅದಕ್ಕೆ ಒಪ್ಪಿದೆ. ಆಟದ ಪೂರ್ತಿ ಹೆಸರು, ಲೋಗೊ ಬೇಡ: ಸಿಸಿ-ಬೈ ಟ್ರೇಡ್‌ಮಾರ್ಕ್ ಹಕ್ಕು ಕೊಡುವುದಿಲ್ಲ. 1.0ಎ ಉಳಿಸಿಕೊಂಡರಂತೂ, ಬೇರೆಯವರ ಟ್ರೇಡ್‌ಮಾರ್ಕ್‌ಗೆ ಹೊಂದುತ್ತದೆ ಎಂದು ಅನುಮತಿಯಿಲ್ಲದೆ ಹೇಳುವುದನ್ನೇ ಸೆಕ್ಷನ್ 7 ತಡೆಯುತ್ತದೆ. ಅದು ಜಾಹೀರಾತಿಗೂ ಅನ್ವಯ.

‘ನಿಯಮಕ್ಕೆ ಕಾಪಿರೈಟ್ ಇಲ್ಲ, ಲೈಸೆನ್ಸೇ ಯಾಕೆ’ ಎಂದು ಯಾರಾದರೂ ಅಂದರೆ, ಅರ್ಧ ನಿಜ. ನಮ್ಮಲ್ಲೇ ಸ್ಕ್ರಾಬ್ಯುಲಸ್ (ಸ್ಕ್ರ್ಯಾಬಲ್ ಪದದಾಟವನ್ನು ಹೋಲುವ ಆನ್‌ಲೈನ್ ಆಟ) ಪ್ರಕರಣದಲ್ಲಿ 2008ರಲ್ಲಿ ದೆಹಲಿ ಹೈಕೋರ್ಟ್ ಸ್ಕ್ರ್ಯಾಬಲ್‌ನ ಬೋರ್ಡ್, ನಿಯಮಗಳ ಮೇಲಿನ ಕಾಪಿರೈಟ್ ವಾದ ಒಪ್ಪಲಿಲ್ಲ. ಆದರೆ ಹೆಸರಿನ ವಿಷಯದಲ್ಲಿ ಟ್ರೇಡ್‌ಮಾರ್ಕ್ ತಡೆ ಕೊಟ್ಟಿತು. ಎಸ್‌ಆರ್‌ಡಿಯ ವಾಕ್ಯಗಳನ್ನೇ ಎತ್ತಿಕೊಂಡರೆ ಲೈಸೆನ್ಸ್ ಬೇಕೇ ಬೇಕು.

ಓದುಗರಿಗೆ ‘ಇದು ಓಪನ್ ಪುಸ್ತಕ’ ಎಂದು ಬರೆಯಬೇಡಿ. ಹೀಗೆ ಬರೆಯಿರಿ: ‘20ರಿಂದ 27ನೇ ಪುಟದ ಅಂಕಿಪಟ್ಟಿಗಳು ಸಿಸಿ-ಬೈ 4.0, ಮೂಲ ಹೇಳಿ ಬಳಸಿ. ಕಥೆ, ಪಾತ್ರಗಳ ಹೆಸರು, ನಕ್ಷೆ, ಚಿತ್ರಗಳಿಗೆ ಪ್ರತ್ಯೇಕ ಅನುಮತಿ ಬೇಕು.’ ಇಡೀ ಪುಸ್ತಕ ಸಿಸಿ ಎಂದರೆ ಚಿತ್ರಕಾರರ ಹಕ್ಕನ್ನೂ ನೀವೇ ಕೊಟ್ಟಂತಾಗುತ್ತದೆ. ಅವರೊಂದಿಗಿನ ಒಪ್ಪಂದದಲ್ಲಿ ಅದಕ್ಕೆ ಅವಕಾಶವಿದೆಯೇ ಎಂದು ಮೊದಲೇ ನೋಡಿಕೊಳ್ಳಿ, ಒಮ್ಮೆ ಬಿಟ್ಟ ಸಿಸಿಯನ್ನು ವಾಪಸ್ ಪಡೆಯಲಾಗದು.