ಸ್ಪೇನ್‌ನ ಸಲೋದಲ್ಲಿ ಅಡುಗೆಮನೆಯಿರುವ ಅಪಾರ್ಟ್‌ಮೆಂಟ್: ಹೋಗಿ ಬಂದವರ ಅನುಭವ

ಪ್ರಶ್ನೆ

ನಾವು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ನೆಲೆಸಿದ್ದೇವೆ. ಆಗಸ್ಟ್ ತಿಂಗಳ ಶಾಲಾ ರಜೆಯಲ್ಲಿ ಸ್ಪೇನ್‌ನ ಸಲೋ ಎಂಬ ಕಡಲತೀರದ ಊರಿಗೆ ಒಂದು ವಾರದ ಮಟ್ಟಿಗೆ ಹೋಗುವ ಯೋಚನೆಯಿದೆ. ನಾನು, ನನ್ನ ಪತಿ, 9 ಮತ್ತು 4 ವರ್ಷದ ಮಕ್ಕಳು, ಜೊತೆಗೆ ಶಿವಮೊಗ್ಗದಿಂದ ನಮ್ಮಲ್ಲಿಗೆ ಬರಲಿರುವ ಅತ್ತೆ, ಮಾವ. ಹಿರಿಯರು ಮೊಟ್ಟೆಯನ್ನೂ ತಿನ್ನುವುದಿಲ್ಲ. ಆದ್ದರಿಂದ ಹೋಟೆಲಿನ ಬದಲು ಅಡುಗೆಮನೆಯಿರುವ ಅಪಾರ್ಟ್‌ಮೆಂಟ್ ಹಿಡಿಯಬೇಕೆಂದಿದ್ದೇವೆ. ಊರಿನ ಯಾವ ಭಾಗದಲ್ಲಿ ಮನೆ ಹಿಡಿಯಬೇಕು, ಏನನ್ನು ಕೊಂಡೊಯ್ಯಬೇಕು, ಅಲ್ಲಿ ಏನು ಸಿಗುತ್ತದೆ ಎಂಬುದನ್ನು ಹೋಗಿ ಬಂದವರು ದಯವಿಟ್ಟು ತಿಳಿಸಬೇಕು.

ಮಿಲ್ಟನ್ ಕೀನ್ಸ್‌ನಿಂದ

ನಮಸ್ಕಾರ. ನಿಮ್ಮಂತೆಯೇ ಹಿರಿಯರನ್ನೂ ಮಕ್ಕಳನ್ನೂ ಕರೆದುಕೊಂಡು ಸಲೋದಲ್ಲಿ ಇದ್ದು ಬಂದವರು ನಾವು. ಬೇರೆಲ್ಲಕ್ಕಿಂತ ಮೊದಲು ಒಂದು ಮಾತು ಹೇಳಬೇಕು. ಅಡುಗೆಮನೆಯಿರುವ ಮನೆ ಸಿಕ್ಕ ಮಾತ್ರಕ್ಕೆ ಎಲ್ಲರಿಗೂ ರಜೆ ಸಿಕ್ಕಂತಾಗುವುದಿಲ್ಲ. ಅಡುಗೆ ಯಾರು ಮಾಡುತ್ತಾರೆ, ಯಾವ ಹೊತ್ತಿನಲ್ಲಿ, ದಿನಕ್ಕೆ ಎಷ್ಟು ಬಾರಿ ಎಂಬುದನ್ನು ಹೊರಡುವ ಮೊದಲೇ ಮನೆಯವರೆಲ್ಲ ಕೂತು ತೀರ್ಮಾನಿಸದಿದ್ದರೆ, ನಿಮ್ಮ ವಾರವೂ ನಿಮ್ಮ ಅತ್ತೆಯವರ ವಾರವೂ ಒಲೆಯ ಮುಂದೆಯೇ ಕಳೆದುಹೋಗುತ್ತದೆ. ನಾನು ಮುಂದೆ ಹೇಳುವುದೆಲ್ಲ ಈ ಒಂದು ಕಾಳಜಿಯಿಂದಲೇ.

ಸಲೋ ಊರು ಕ್ಯಾಟಲೋನಿಯಾದ ತಾರಗೋನಾ ಪ್ರಾಂತ್ಯದಲ್ಲಿದೆ. ರೆಯುಸ್ ವಿಮಾನ ನಿಲ್ದಾಣ ಬಹಳ ಹತ್ತಿರ. ಬಾರ್ಸಿಲೋನಾಕ್ಕೆ ಇಳಿದರೆ ಸುಮಾರು 100 ಕಿ.ಮೀ. ಪ್ರಯಾಣವಿದ್ದು, ಮಕ್ಕಳಿಗೂ ಹಿರಿಯರಿಗೂ ಅದು ದಣಿವೇ ಸರಿ. ಊರಿನ ಮುಖ್ಯ ಕಡಲತೀರವನ್ನು ಲ್ಲೆವಾಂತ್ ಎನ್ನುತ್ತಾರೆ. ಅದರ ಉದ್ದಕ್ಕೂ ತಾಳೆಜಾತಿಯ ಮರಗಳ ಸಾಲಿರುವ, ಸಮತಟ್ಟಾದ ಅಗಲ ಕಾಲುದಾರಿಯಿದೆ. ಬಂದರಿನ ಆಚೆಗೆ, ಕಾಂಬ್ರಿಲ್ಸ್ ಎಂಬ ಮೀನುಗಾರರ ಊರಿನ ಕಡೆಗೆ ಪೊನೆಂತ್ ತೀರವಿದೆ, ಅಲ್ಲಿ ಗದ್ದಲ ಕಡಿಮೆ. ಎರಡೂ ಕಡೆ ಮರಳು ನುಣುಪು, ನೀರು ಬಹಳ ದೂರದವರೆಗೆ ಆಳವಿಲ್ಲದೆ ಸಾಗುತ್ತದೆ, ಮೆಡಿಟರೇನಿಯನ್ ಸಮುದ್ರದಲ್ಲಿ ಉಬ್ಬರವಿಳಿತವೂ ಇಲ್ಲವೆನ್ನುವಷ್ಟು ಕಡಿಮೆ. ನಾಲ್ಕು ವರ್ಷದ ಮಗುವಿಗೆ ಇದಕ್ಕಿಂತ ಅನುಕೂಲದ ಜಾಗ ಸಿಗುವುದು ಕಷ್ಟ. ಕಾಪ್ ಸಲೋ ಭಾಗದ ಪುಟ್ಟ ಕೊಲ್ಲಿಗಳು ಚೆಲುವಾಗಿವೆ, ಆದರೆ ಅಲ್ಲಿ ಏರು, ಇಳಿಜಾರು, ಮೆಟ್ಟಿಲುಗಳೇ ಹೆಚ್ಚು, ಮಂಡಿನೋವಿರುವ ಹಿರಿಯರೊಂದಿಗೆ ಅಲ್ಲಿ ಮನೆ ಹಿಡಿಯಬೇಡಿ. ಕಾರ್ಲೆಸ್ ಬುಯಿಗಾಸ್ ಬೀದಿಯ ಸುತ್ತಮುತ್ತ ಬಾರ್‌ಗಳು ಹೆಚ್ಚಿರುವುದರಿಂದ ರಾತ್ರಿ ನಿದ್ದೆಗೆ ತೊಂದರೆ. ಸಮುದ್ರಕ್ಕೆ ಎದುರಾಗಿರುವ ಮೊದಲ ಸಾಲಿನ ಮನೆಗೆ ಕೊಡುವ ಹೆಚ್ಚುವರಿ ಹಣದಲ್ಲಿ ಎರಡನೆಯ ಅಥವಾ ಮೂರನೆಯ ಸಾಲಿನಲ್ಲಿ ಇನ್ನೊಂದು ಮಲಗುವ ಕೋಣೆಯಿರುವ ಮನೆ ಸಿಗುತ್ತದೆ, ತೀರಕ್ಕೆ ಐದಾರು ನಿಮಿಷ ನಡೆದರೆ ಸಾಕು, ಸೂಪರ್‌ಮಾರ್ಕೆಟ್ ಕೂಡ ಹತ್ತಿರವಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಜಾಹೀರಾತಿನಲ್ಲಿ ಎಚ್‌ಯುಟಿಟಿ ಎಂದು ಆರಂಭವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ. ತಾರಗೋನಾ ಪ್ರಾಂತ್ಯದಲ್ಲಿ ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ಮನೆಗೆ ಅದು ಇರಲೇಬೇಕು. ಪ್ರವಾಸಿ ತೆರಿಗೆಯನ್ನು ಬಾಡಿಗೆಯ ಜೊತೆಗೆ ಪ್ರತ್ಯೇಕವಾಗಿ ಕೇಳುತ್ತಾರೆ. 16 ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನವರಿಗೆ ಅದು ಇಲ್ಲ. ಹಾಸಿಗೆ ಬಟ್ಟೆ, ಟವೆಲ್, ಕೊನೆಯ ದಿನದ ಸ್ವಚ್ಛತೆ ಬಾಡಿಗೆಯಲ್ಲಿ ಸೇರಿವೆಯೋ ಇಲ್ಲವೋ ಎಂಬುದನ್ನು ಬರಹದಲ್ಲೇ ಕೇಳಿ ಪಡೆಯಿರಿ.

ಅಡುಗೆಮನೆಯ ವಿಷಯಕ್ಕೆ ಬಂದರೆ, ಮುಂಗಡ ಕೊಡುವ ಮೊದಲು ಮಾಲೀಕರಿಗೆ ಕೇಳಬೇಕಾದ ಮುಖ್ಯ ಪ್ರಶ್ನೆ ಒಲೆ ಯಾವ ಬಗೆಯದು ಎಂಬುದು. ಬಹುತೇಕ ಮನೆಗಳಲ್ಲಿ ಗಾಜಿನ ಮೇಲ್ಮೈಯ ವಿದ್ಯುತ್ ಒಲೆಯಿರುತ್ತದೆ. ಅದು ಇಂಡಕ್ಷನ್ ಆಗಿದ್ದರೆ ನೀವು ಹೊತ್ತೊಯ್ಯುವ ಅಲ್ಯೂಮಿನಿಯಂ ಕುಕ್ಕರ್ ಕೆಲಸಕ್ಕೆ ಬರುವುದಿಲ್ಲ, ಇಂಡಕ್ಷನ್‌ಗೆ ಹೊಂದುವ ತಳವಿರುವ ಸ್ಟೀಲ್ ಕುಕ್ಕರ್ ಬೇಕು. ಮೂರು ಲೀಟರಿನ ಪುಟ್ಟ ಸ್ಟೀಲ್ ಕುಕ್ಕರ್, ಒಂದು ಒಗ್ಗರಣೆ ಸೌಟು, ಒಂದು ಹರಿತವಾದ ಚಾಕು, ಇವಿಷ್ಟನ್ನು ಸಾಮಾನಿನ ಪೆಟ್ಟಿಗೆಯಲ್ಲಿ ಹಾಕಿಕೊಂಡು ಹೋದರೆ ಉಳಿದ ಪಾತ್ರೆಗಳು ಅಲ್ಲಿಯೇ ಇರುತ್ತವೆ. ಇನ್ನೊಂದು ವಿಷಯ ಊರಿನಿಂದ ಹೊಸದಾಗಿ ಹೋದವರಿಗೆ ಹೊಳೆಯುವುದಿಲ್ಲ. ಸ್ಪೇನ್‌ನಲ್ಲಿ ಪ್ರತಿ ಮನೆಯೂ ಇಷ್ಟು ಕಿಲೋವ್ಯಾಟ್ ಎಂದು ಒಪ್ಪಂದ ಮಾಡಿಕೊಂಡು ವಿದ್ಯುತ್ ಪಡೆಯುತ್ತದೆ. ಸಣ್ಣ ಅಪಾರ್ಟ್‌ಮೆಂಟ್‌ಗಳಲ್ಲಿ ಆ ಮಿತಿ ಕಡಿಮೆಯಿರುವುದರಿಂದ ಎಸಿ, ನೀರು ಕಾಯಿಸುವ ಗೀಸರ್, ಒಲೆ, ವಾಷಿಂಗ್ ಮೆಷಿನ್ ಎಲ್ಲವನ್ನೂ ಒಟ್ಟಿಗೆ ಹಾಕಿದರೆ ಮನೆಯೆಲ್ಲ ಕತ್ತಲಾಗುತ್ತದೆ. ಸ್ವಿಚ್ ಪೆಟ್ಟಿಗೆ ಸಾಮಾನ್ಯವಾಗಿ ಬಾಗಿಲ ಪಕ್ಕದಲ್ಲೇ ಇರುತ್ತದೆ, ಒಂದೆರಡನ್ನು ಆರಿಸಿ ಬ್ರೇಕರ್ ಮೇಲಕ್ಕೆತ್ತಿದರೆ ಸರಿಹೋಗುತ್ತದೆ. ಬ್ರಿಟನ್ನಿನ ಮೂರು ಪಿನ್ನಿನ ಉಪಕರಣಗಳಿಗೆ ಅಡಾಪ್ಟರ್ ಬೇಕೇಬೇಕು.

ಕೊಂಡೊಯ್ಯುವ ಸಾಮಾನಿನಲ್ಲಿ ಬಹಳ ಎಚ್ಚರ ಬೇಕು. ಬ್ರಿಟನ್ ಈಗ ಯುರೋಪಿಯನ್ ಒಕ್ಕೂಟದ ಹೊರಗಿರುವುದರಿಂದ ಇಲ್ಲಿಂದ ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ಪ್ರಯಾಣಿಕರು ಒಯ್ಯುವಂತಿಲ್ಲ. ತುಪ್ಪ, ಪನೀರ್, ಹಾಲಿನ ಸಿಹಿತಿಂಡಿ ಯಾವುದೂ ಬೇಡ. ಹಸಿ ಕರಿಬೇವು, ಹಸಿಮೆಣಸಿನಕಾಯಿ, ತರಕಾರಿಗಳಿಗೂ ಪ್ರಮಾಣಪತ್ರ ಬೇಕು. ಆದರೆ ತೆಂಗಿನಕಾಯಿಗೆ ವಿನಾಯಿತಿಯಿದೆ. ತೊಗರಿಬೇಳೆ, ಸಾರಿನ ಪುಡಿ, ಹುಳಿಪುಡಿ, ಪುಳಿಯೋಗರೆ ಗೊಜ್ಜು, ಅವಲಕ್ಕಿ, ಸಾಸಿವೆ, ಇಂಗು, ಒಣಮೆಣಸಿನಕಾಯಿಗಳನ್ನು ಅವುಗಳ ಮೂಲ ಪ್ಯಾಕೆಟ್‌ಗಳಲ್ಲೇ ಒಯ್ಯಿರಿ. ಗುರುತಿಲ್ಲದ ಪುಡಿಗಳನ್ನು ಡಬ್ಬಿಗೆ ತುಂಬಿದರೆ ತಪಾಸಣೆಯಲ್ಲಿ ವಿವರಿಸುತ್ತ ನಿಲ್ಲಬೇಕಾಗುತ್ತದೆ.

ಅಕ್ಕಿ ಅಲ್ಲಿಯೇ ಕೊಳ್ಳಿರಿ. ಉದ್ದನೆಯ ಅಕ್ಕಿ ಚಿತ್ರಾನ್ನಕ್ಕೆ ಆಗುತ್ತದೆ. ಸ್ಪೇನ್‌ನವರು ದಿನನಿತ್ಯ ಬಳಸುವ ಗುಂಡು ಅಕ್ಕಿಯನ್ನು ಸ್ವಲ್ಪ ಹೆಚ್ಚು ನೀರಿಟ್ಟು ಬೇಯಿಸಿದರೆ ಮೊಸರನ್ನಕ್ಕೂ ಹುಗ್ಗಿಗೂ ಬಹಳ ಸೊಗಸಾಗಿ ಹೊಂದುತ್ತದೆ, ನಮ್ಮ ತಾಯಿ ಮೆಚ್ಚಿದ್ದು ಅದನ್ನೇ. ಮೊಸರಿನ ಪುಟ್ಟ ಡಬ್ಬಿಗಳಲ್ಲಿ ‘ನತುರಾಲ್’ ಎಂದಿದ್ದರೂ ಅದರ ಪಕ್ಕದಲ್ಲಿ ‘ಅಸುಕರಾದೊ’ ಎಂದು ಬರೆದಿದ್ದರೆ ಸಕ್ಕರೆ ಬೆರೆಸಿದ್ದೆಂದು ಅರ್ಥ, ಒಗ್ಗರಣೆ ಹಾಕುವ ಮೊದಲು ನೋಡಿಕೊಳ್ಳಿ. ಹಾಲು ಹೆಚ್ಚಾಗಿ ಹೊರಗಿನ ಕಪಾಟಿನಲ್ಲಿಡುವ ಟೆಟ್ರಾ ಪ್ಯಾಕಿನದು. ತಾಜಾ ಹಾಲು ಬೇಕಿದ್ದರೆ ಫ್ರಿಜ್ ಸಾಲಿನಲ್ಲಿ ಹುಡುಕಬೇಕು. ಕಾಫಿಪುಡಿಯಲ್ಲಿ ಸಕ್ಕರೆ ಹಾಕಿ ಕಪ್ಪಾಗಿ ಹುರಿದ ಬೀಜ ಬೆರೆಸಿದ ಬಗೆಯೊಂದಿದೆ, ‘ಮೆಸ್ಕ್ಲಾ’ ಎಂದು ಬರೆದಿರುತ್ತದೆ. ನಮ್ಮ ನಾಲಿಗೆಗೆ ಅದು ಕಹಿ, ಹಾಗಾಗಿ ಮನೆಯ ಪುಡಿಯನ್ನೂ ಫಿಲ್ಟರನ್ನೂ ಒಯ್ಯುವುದು ಒಳ್ಳೆಯದು. ನಲ್ಲಿ ನೀರು ಎಬ್ರೋ ನದಿಯಿಂದ ಬರುವಂಥದು, ಕುಡಿಯಲು ಸುರಕ್ಷಿತ. ಆದರೂ ರುಚಿ ಗಡುಸಾಗಿರುವುದರಿಂದ ಕುಡಿಯಲೂ ಬೇಳೆ ಬೇಯಿಸಲೂ ದೊಡ್ಡ ಕ್ಯಾನಿನ ನೀರು ತರಿಸಿಕೊಂಡೆವು. ಹಣ್ಣಿನ ವಿಷಯದಲ್ಲಿ ಮಾತ್ರ ಕೈ ಬಿಗಿ ಹಿಡಿಯಬೇಡಿ. ಆಗಸ್ಟಿನಲ್ಲಿ ಚಪ್ಪಟೆ ಪೀಚ್, ಅಂಜೂರ, ಹಸಿರು ಸಿಪ್ಪೆಯ ಕರಬೂಜ ಅಷ್ಟು ಚೆನ್ನಾಗಿ ಬ್ರಿಟನ್ನಿನ ಅಂಗಡಿಗಳಲ್ಲಿ ಸಿಗುವುದಿಲ್ಲ.

ಇನ್ನು ದಿನಚರಿ. ಬೆಳಿಗ್ಗೆ ಏಳಕ್ಕೆ, ಬಿಸಿಲೇರುವ ಮೊದಲು, ಒಂದು ಕುಕ್ಕರ್ ಅನ್ನ, ಒಂದು ಪಾತ್ರೆ ಸಾರು ಅಥವಾ ಹುಳಿ ಮಾಡಿಟ್ಟು ಒಲೆ ಆರಿಸಿದರೆ ಅಂದಿನ ಅಡುಗೆ ಮುಗಿಯಿತೆಂದು ನಮ್ಮ ಮನೆಯಲ್ಲಿ ಒಪ್ಪಂದವಿತ್ತು. ತರಕಾರಿ ಹೆಚ್ಚುವುದು ನನ್ನ ಕೆಲಸ, ಪಾತ್ರೆ ತೊಳೆಯುವುದು ಗಂಡನ ಕೆಲಸ, ಅಂಗಡಿಯಿಂದ ಬ್ರೆಡ್ಡು, ಹಣ್ಣು ತರುವುದು ಮಾವನವರದು ಮತ್ತು ಮೊಮ್ಮಗನದು. ಅತ್ತೆಯವರಿಗೆ ಕೆಲಸ ಹಂಚಲಿಲ್ಲ, ಅವರು ತಾವಾಗಿ ಬಯಸಿದ ದಿನ ಮಾತ್ರ ಒಗ್ಗರಣೆ ಅವರ ಕೈಯದು. ಬೆಳಗಿನ ಹೊತ್ತು ಸಮುದ್ರ, ಮಧ್ಯಾಹ್ನ ಊಟ ಮಾಡಿ ಸಂಜೆ ಐದರವರೆಗೆ ಪರದೆ ಎಳೆದು ಮನೆಯೊಳಗೆ ನಿದ್ದೆ. ಆ ಹೊತ್ತಿನಲ್ಲಿ ಸಣ್ಣ ಅಂಗಡಿಗಳೂ ಮುಚ್ಚಿರುತ್ತವೆ. ಸೂರ್ಯ ಮುಳುಗುವುದು ಒಂಬತ್ತರ ಸುಮಾರಿಗೆ, ಆದ್ದರಿಂದ ಸಂಜೆ ಮತ್ತೆ ನೀರಿಗಿಳಿಯಲು ಬೇಕಾದಷ್ಟು ಸಮಯವಿದೆ. ರಾತ್ರಿಗೆ ಅವಲಕ್ಕಿ ಅಥವಾ ಉಳಿದ ಅನ್ನಕ್ಕೆ ಮೊಸರು. ಹೀಗೆ ಮಾಡಿದ್ದರಿಂದಲೇ ಮನೆಯ ಹೆಂಗಸರೂ ಕಡಲನ್ನು ಕಂಡೆವು.

ರೆಡಿಂಗ್‌ನಿಂದ

ಮೇಲಿನವರು ಮನೆಯ ಬಗ್ಗೆ ವಿವರವಾಗಿ ಬರೆದಿದ್ದಾರೆ. ಆದರೆ ನಿಮ್ಮ ಅತ್ತೆ ಮಾವ ಭಾರತದ ಪಾಸ್‌ಪೋರ್ಟ್ ಹೊಂದಿದ್ದರೆ ಎಲ್ಲಕ್ಕಿಂತ ಮೊದಲು ಯೋಚಿಸಬೇಕಾದುದು ಷೆಂಗೆನ್ ವೀಸಾ, ಅಂದರೆ ಸ್ಪೇನ್ ಸೇರಿದಂತೆ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ವೀಸಾ. ಸಾಮಾನ್ಯವಾಗಿ ಈ ವೀಸಾಕ್ಕೆ ತಾವು ನೆಲೆಸಿರುವ ದೇಶದಲ್ಲೇ ಅರ್ಜಿ ಹಾಕಬೇಕು. ಬ್ರಿಟನ್ನಿಗೆ ಪ್ರವಾಸಿ ವೀಸಾದ ಮೇಲೆ ಬಂದವರು ಇಲ್ಲಿಂದ ಅರ್ಜಿ ಸಲ್ಲಿಸುವುದು ಬಲು ಕಷ್ಟ. ಅವರು ಶಿವಮೊಗ್ಗದಿಂದ ಹೊರಡುವ ಮೊದಲೇ ಬೆಂಗಳೂರಿನಲ್ಲಿ ಅರ್ಜಿ ಕೊಡುವಂತೆ ನೋಡಿಕೊಳ್ಳಿ. ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚ ಭರಿಸುವ ವಿಮೆ ಕಡ್ಡಾಯ. ವೀಸಾ ಕೈಗೆ ಬರುವವರೆಗೆ ಹಣ ಹಿಂದಿರುಗಿಸುವ ಷರತ್ತಿರುವ ಮನೆಯನ್ನೇ ಕಾಯ್ದಿರಿಸಿ. 2025ರ ಅಕ್ಟೋಬರ್‌ನಿಂದ ಗಡಿಯಲ್ಲಿ ಯುರೋಪಿಯನ್ ಒಕ್ಕೂಟದ ಹೊರಗಿನವರ ಬೆರಳಚ್ಚು ಮತ್ತು ಮುಖದ ಚಿತ್ರ ತೆಗೆದುಕೊಳ್ಳುವ ಹೊಸ ವ್ಯವಸ್ಥೆ ಆರಂಭವಾಗಿದೆ. 12 ವರ್ಷದೊಳಗಿನ ಮಕ್ಕಳಿಗೆ ಬೆರಳಚ್ಚು ಇಲ್ಲ. ಸಾಲು ಉದ್ದವಾಗುವುದರಿಂದ ಕುಡಿಯುವ ನೀರು, ತಿಂಡಿ ಕೈಚೀಲದಲ್ಲಿರಲಿ.

ಹೊರಗೆ ತಿನ್ನುವುದು ಅಸಾಧ್ಯವೇನಲ್ಲ, ಕೇಳಿ ತಿನ್ನಬೇಕು, ಅಷ್ಟೆ. ‘ತರಕಾರಿ’ ಎಂದ ಕೂಡಲೇ ಮಾಂಸವಿಲ್ಲವೆಂದು ತಿಳಿಯಬಾರದು. ಮಿಶ್ರ ಸಲಾಡ್ ಎಂದರೆ ಸಾಮಾನ್ಯವಾಗಿ ಅದರ ಮೇಲೆ ಟ್ಯೂನಾ ಮೀನಿರುತ್ತದೆ, ಬೇಳೆ, ಕಾಳಿನ ಖಾದ್ಯಗಳಲ್ಲಿ ಹಂದಿಮಾಂಸದ ತುಣುಕುಗಳಿರುತ್ತವೆ, ತರಕಾರಿ ಪಾಯೆಯ್ಯಾ ಎಂಬ ಅನ್ನದ ಖಾದ್ಯವನ್ನು ಮೀನಿನ ಅಥವಾ ಕೋಳಿಯ ಕಟ್ಟಿನಲ್ಲಿ ಬೇಯಿಸಿರಬಹುದು, ಆಲೂಗಡ್ಡೆಯ ತೋರ್ತಿಯ್ಯಾದಲ್ಲಿ ಮೊಟ್ಟೆಯೇ ಮುಖ್ಯ. ಸಾಂಪ್ರದಾಯಿಕ ಚೀಸ್‌ಗಳಲ್ಲಿ ಹಲವಕ್ಕೆ ಹಾಲು ಒಡೆಸಲು ಪ್ರಾಣಿಮೂಲದ ರೆನೆಟ್ ಎಂಬ ಪದಾರ್ಥ ಬಳಸುತ್ತಾರೆ. ಕಟ್ಟುನಿಟ್ಟಾಗಿರುವ ಹಿರಿಯರಿಗೆ ಇದನ್ನು ಮುಚ್ಚಿಡದೆ ತಿಳಿಸುವುದು ನಮ್ಮ ಕರ್ತವ್ಯ. ನಿಶ್ಚಿಂತೆಯಿಂದ ತಿನ್ನಬಹುದಾದವೂ ಇವೆ. ಟೊಮೇಟೊ ಉಜ್ಜಿ ಎಣ್ಣೆ ಸುರಿದ ಕ್ಯಾಟಲನ್ ಬ್ರೆಡ್, ಸುಟ್ಟ ಬದನೆಕಾಯಿ ಮತ್ತು ದೊಣ್ಣೆಮೆಣಸಿನಕಾಯಿಯ ಎಸ್ಕಲಿವಾದಾ, ಉಪ್ಪು ಉದುರಿಸಿ ಹುರಿದ ಪುಟ್ಟ ಪಾದ್ರೋನ್ ಮೆಣಸಿನಕಾಯಿ. ಎಸ್ಕಲಿವಾದಾದ ಮೇಲೆ ಕೆಲವರು ಆಂಚೋವಿ ಮೀನಿಡುತ್ತಾರೆ, ಬೇಡವೆಂದು ಮೊದಲೇ ಹೇಳಬೇಕು. ಹೊಗೆಯ ವಾಸನೆಯ ಆ ಬದನೆಕಾಯಿಯನ್ನು ಮನೆಗೆ ಕಟ್ಟಿಸಿಕೊಂಡು ಬಂದು, ಮೊಸರು ಬೆರೆಸಿ ಒಗ್ಗರಣೆ ಕೊಟ್ಟರೆ ಊರಿನ ಸುಟ್ಟ ಬದನೆಕಾಯಿ ಗೊಜ್ಜಿನಷ್ಟೇ ರುಚಿ. ಚುರೋಸ್ ಎಂಬ ಕರಿದ ತಿಂಡಿಯ ಹಿಟ್ಟು ಮೂಲತಃ ಮೈದಾ, ನೀರು, ಉಪ್ಪಿನದು. ಮೊಟ್ಟೆ ಹಾಕಿಲ್ಲವೇ, ಅದೇ ಎಣ್ಣೆಯಲ್ಲಿ ಬೇರೇನಾದರೂ ಕರಿಯುತ್ತಾರೆಯೇ ಎಂದು ಕೇಳಿದರೆ ಸಾಕು. ರಾತ್ರಿಯ ಊಟಕ್ಕೆ ಅಲ್ಲಿಯವರು ಒಂಬತ್ತರ ಹೊತ್ತಿಗೆ ಬರುವುದರಿಂದ ಚಿಕ್ಕ ಮಕ್ಕಳಿರುವವರು ಮಧ್ಯಾಹ್ನವೇ ಹೊರಗೆ ತಿಂದು ರಾತ್ರಿ ಮನೆಯಲ್ಲಿ ಉಣ್ಣುವುದು ಅನುಕೂಲ.

ಡಬ್ಲಿನ್‌ನಿಂದ

ಮೊದಲ ಸಾಲಿನ ಮನೆ ಬೇಡವೆಂಬ ಮಾತನ್ನು ನಾನು ಒಪ್ಪುವುದಿಲ್ಲ. ನನ್ನ ತಂದೆಗೆ ಬಿಸಿಲು ತಾಳುವುದಿಲ್ಲ, ಮರಳಿನಲ್ಲಿ ನಡೆಯಲೂ ಆಗದು. ಸಮುದ್ರದ ಎದುರಿನ ಬಾಲ್ಕನಿಯಿದ್ದುದರಿಂದ ಅವರು ನೆರಳಿನಲ್ಲಿ ಕೂತೇ ಮೊಮ್ಮಕ್ಕಳ ಆಟವನ್ನು ನೋಡುತ್ತಿದ್ದರು. ಚಿಕ್ಕ ಮಗುವನ್ನು ಶೌಚಕ್ಕೆ ಕರೆತರುವುದೂ ಸುಲಭವಾಗಿತ್ತು. ಹೊರಗೆ ತಿನ್ನುವುದನ್ನು ಕಡಿಮೆ ಮಾಡಿ ಆ ಹಣವನ್ನು ಇದಕ್ಕೆ ಹಾಕಿದರೆ ತಪ್ಪೇನಿಲ್ಲ. ಆದರೆ ನಾಲ್ಕು ವರ್ಷದ ಮಗುವಿರುವ ಮನೆಯಲ್ಲಿ ಬಾಲ್ಕನಿಯ ಕುರ್ಚಿ, ಮೇಜುಗಳನ್ನು ಕಟಕಟೆಯಿಂದ ದೂರವಿಡಬೇಕು, ದೊಡ್ಡವರಿಲ್ಲದಾಗ ಬಾಗಿಲಿಗೆ ಚಿಲಕ ಹಾಕಿರಬೇಕು. ಇದರಲ್ಲಿ ರಿಯಾಯಿತಿ ಸಲ್ಲದು. ಐರ್ಲೆಂಡಿನಿಂದ ಹೊರಡುವ ಓದುಗರಿಗೆ ಇನ್ನೊಂದು ಮಾತು: ನಾವು ಒಕ್ಕೂಟದೊಳಗೇ ಇರುವುದರಿಂದ ತುಪ್ಪ ಒಯ್ಯಲು ಅಡ್ಡಿಯಿಲ್ಲ.

ತೀರದಲ್ಲಿ ಹಸಿರು, ಹಳದಿ, ಕೆಂಪು ಬಾವುಟಗಳನ್ನು ನೋಡಿಯೇ ನೀರಿಗಿಳಿಯಿರಿ. ಕೆಲವು ದಿನ ಅಂಬಲಿ ಮೀನುಗಳು (ಜೆಲ್ಲಿಫಿಶ್) ದಡಕ್ಕೆ ಬರುತ್ತವೆ. ಸೊಳ್ಳೆಯೂ ಇದೆ, ಪ್ಲಗ್ಗಿಗೆ ಹಾಕುವ ಔಷಧಿ ಅಲ್ಲಿಯೇ ಸಿಗುತ್ತದೆ. ತುರ್ತು ಕರೆಗೆ 112. ಔಷಧದ ಅಂಗಡಿಗಳಿಗೆ ಹಸಿರು ಶಿಲುಬೆಯ ಗುರುತಿರುತ್ತದೆ.

ಪೋರ್ಟ್‌ಅವೆಂಚುರಾ ಥೀಮ್ ಪಾರ್ಕ್ ಊರಿಗೆ ಅಂಟಿಕೊಂಡೇ ಇದೆ, ನಿಮ್ಮ ದೊಡ್ಡ ಮಗು ಖಂಡಿತ ಕೇಳುತ್ತದೆ. ಹಿರಿಯರನ್ನು ಅಲ್ಲಿಗೆ ಎಳೆದೊಯ್ಯದೆ, ಬಸ್ಸಿನಲ್ಲಿ ತಾರಗೋನಾಕ್ಕೆ ಕರೆದುಕೊಂಡು ಹೋಗಿ. ಸಮುದ್ರಕ್ಕೆ ಮುಖಮಾಡಿರುವ ರೋಮನ್ನರ ಕಾಲದ ಬಯಲು ರಂಗಮಂದಿರ ಅಲ್ಲಿದೆ. 2000ದಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಅವಶೇಷಗಳಲ್ಲಿ ಅದೂ ಒಂದು. ಬಾಡಿಗೆ ಕಾರು ಹಿಡಿಯುವುದಾದರೆ 135 ಸೆಂ.ಮೀ.ಗಿಂತ ಎತ್ತರವಿಲ್ಲದ ಮಕ್ಕಳಿಗೆ ವಿಶೇಷ ಆಸನ ಕಡ್ಡಾಯ. ಎಪಿ-7 ಹೆದ್ದಾರಿಗೆ ಈಗ ಇಲ್ಲಿ ಸುಂಕವಿಲ್ಲ. ಅದರಲ್ಲಿ ದಕ್ಷಿಣಕ್ಕೆ ಸುಮಾರು ಒಂದು ಗಂಟೆ ಹೋದರೆ ಎಬ್ರೋ ನದಿ ಸಮುದ್ರ ಸೇರುವ ಬಯಲಿನಲ್ಲಿ ಕಣ್ಣು ಹರಿಯುವಷ್ಟು ದೂರ ಭತ್ತದ ಗದ್ದೆಗಳಿವೆ. ಆಗಸ್ಟಿನಲ್ಲಿ ತೆನೆ ಬಲಿಯುತ್ತಿರುತ್ತದೆ, ಕೊಯ್ಲು ಸೆಪ್ಟೆಂಬರಿನಲ್ಲಿ. ಶಿವಮೊಗ್ಗದ ಕಡೆಯ ಹಿರಿಯರಿಗೆ ಇದು ಥೀಮ್ ಪಾರ್ಕಿಗಿಂತ ಹೆಚ್ಚು ಇಷ್ಟವಾದೀತು. ಅಲ್ಲಿನ ಅಂಗಡಿಗಳಲ್ಲಿ ಆ ಗದ್ದೆಗಳದೇ ಅಕ್ಕಿ ಕಿಲೋ ಲೆಕ್ಕದಲ್ಲಿ ಸಿಗುತ್ತದೆ.

ಭಾನುವಾರ ದೊಡ್ಡ ಸೂಪರ್‌ಮಾರ್ಕೆಟ್‌ಗಳು ಹಲವು ಮುಚ್ಚಿರಬಹುದು. ಆಗಸ್ಟ್ 15 ದೇಶಕ್ಕೆಲ್ಲ ಹಬ್ಬದ ರಜೆ. ನೀವು ಶನಿವಾರ ರಾತ್ರಿ ಇಳಿಯುವುದಾದರೆ ಮರುದಿನದ ಅಡುಗೆಗೆ ಬೇಕಾದ ಅಕ್ಕಿ, ಬೇಳೆ, ಉಪ್ಪು ನಿಮ್ಮ ಪೆಟ್ಟಿಗೆಯಲ್ಲೇ ಇರಲಿ.