8ಕ್ಕಿಂತ ಕಡಿಮೆ ಅಂದ್ರೆ ನೋಡಲೇಬಾರದಾ? ಸೈನ್ಸ್ ಫಿಕ್ಷನ್ ಆರಿಸೋದು ಹೇಗೆ, ನಿಮ್ಮ ಅನುಭವ ಹೇಳಿ

ಪ್ರಶ್ನೆ, ಬೆಂಗಳೂರಿನಿಂದ

ಎಲ್ಲರಿಗೂ ನಮಸ್ಕಾರ. ಮಗು ಮಲಗಿದ ಮೇಲೆ ನನಗೂ ನಮ್ಮೆಜಮಾನರಿಗೂ ದಿನಕ್ಕೆ ಒಂದು ಗಂಟೆ ಸಿಗುತ್ತದೆ. ಇಬ್ಬರಿಗೂ ಸೈನ್ಸ್ ಫಿಕ್ಷನ್ ಅಂದ್ರೆ ಪ್ರಾಣ. ಆ ಒಂದು ಗಂಟೆ ಹಾಳಾಗಬಾರದು ಅಂತ ಒಂದು ನಿಯಮ ಮಾಡಿಕೊಂಡಿದ್ದೇವೆ. ಪ್ರೇಕ್ಷಕರು ಸಿನಿಮಾ, ಸೀರೀಸ್‌ಗಳಿಗೆ 10ಕ್ಕೆ ಇಷ್ಟು ಅಂತ ಅಂಕ ಹಾಕುವ ವೆಬ್‌ಸೈಟ್ ಐಎಂಡಿಬಿಯಲ್ಲಿ ಅಂಕ 8ಕ್ಕಿಂತ ಕಡಿಮೆ ಇದ್ದರೆ ಮುಟ್ಟುವುದಿಲ್ಲ.

ಈಗ ಆ ನಿಯಮವೇ ಕೈಕೊಡುತ್ತಿದೆ. 'ಡಾರ್ಕ್' ಮತ್ತು 'ದಿ ಎಕ್ಸ್‌ಪ್ಯಾನ್ಸ್' ಎರಡಕ್ಕೂ 8.5ರ ಆಸುಪಾಸು ಅಂಕ ಇದೆ. ಮೊದಲನೆಯದನ್ನು ಐದನೇ ಕಂತಿಗೆ ಬಿಟ್ಟೆವು, ಎರಡನೆಯದನ್ನು ಮೂರನೇ ಕಂತಿಗೆ. ಕಳೆದ ತಿಂಗಳು ಊರಿಂದ ಬಂದ ನನ್ನ ತಮ್ಮ ಹಟ ಹಿಡಿದು 'ಅನೈಹಿಲೇಶನ್' ಅನ್ನುವ ಸಿನಿಮಾ ಹಾಕಿದ. ಅದಕ್ಕೆ 7 ಕೂಡ ಇಲ್ಲ. ಆದರೆ ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಎರಡು ದಿನ ಮನೆಯಲ್ಲಿ ಅದೇ ಮಾತು. ಹಾಗಾದರೆ ಪ್ರೇಕ್ಷಕರ ರೇಟಿಂಗ್ ನಂಬಬೇಕಾ, ಬೇಡ್ವಾ? ನೀವೆಲ್ಲ ಹೇಗೆ ಆರಿಸುತ್ತೀರಿ?

ಮೈಸೂರಿನಿಂದ

ನಾನೂ ವರ್ಷಗಟ್ಟಲೆ ಇದೇ ನಿಯಮ ಇಟ್ಟುಕೊಂಡಿದ್ದೆ. ನನ್ನದು 7.5. ಅದನ್ನು ಕೈಬಿಟ್ಟಿದ್ದು 2017ರ ಸೆಪ್ಟೆಂಬರ್‌ನಲ್ಲಿ. ಆ ಒಂದೇ ತಿಂಗಳಲ್ಲಿ ಎರಡು ಬಾಹ್ಯಾಕಾಶ ಸೀರೀಸ್ ಶುರುವಾದವು. ಒಂದು 'ದಿ ಆರ್ವಿಲ್', ಇನ್ನೊಂದು 'ಸ್ಟಾರ್ ಟ್ರೆಕ್: ಡಿಸ್ಕವರಿ'. ವಿಮರ್ಶಕರಲ್ಲಿ ಎಷ್ಟು ಜನ, ಪ್ರೇಕ್ಷಕರಲ್ಲಿ ಎಷ್ಟು ಜನ ಮೆಚ್ಚಿದರು ಅಂತ ಬೇರೆ ಬೇರೆ ತೋರಿಸುವ ವೆಬ್‌ಸೈಟ್ ರಾಟನ್ ಟೊಮ್ಯಾಟೋಸ್ ತೆರೆದು ನೋಡಿದರೆ ತಲೆ ಕೆಟ್ಟುಹೋಯಿತು. 'ಆರ್ವಿಲ್' ಮೊದಲ ಸೀಸನ್ ಮೆಚ್ಚಿದ ವಿಮರ್ಶಕರು ಹತ್ತರಲ್ಲಿ ಮೂವರು. ಪ್ರೇಕ್ಷಕರಲ್ಲಿ ಹತ್ತಕ್ಕೆ ಒಂಬತ್ತು ಜನ ಮೆಚ್ಚಿದ್ದರು. 'ಡಿಸ್ಕವರಿ'ಯದು ತದ್ವಿರುದ್ಧ. ವಿಮರ್ಶಕರಲ್ಲಿ ಹತ್ತಕ್ಕೆ ಎಂಟು, ಪ್ರೇಕ್ಷಕರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು.

ಎರಡನ್ನೂ ಕೂತು ನೋಡಿದೆ. 'ಆರ್ವಿಲ್' ಹಳೆಯ 'ಸ್ಟಾರ್ ಟ್ರೆಕ್' ದಾರಿಯಲ್ಲೇ ನಡೆಯುತ್ತದೆ. ಒಂದು ಕಂತಿಗೆ ಒಂದು ಕಥೆ, ಒಂದು ಪ್ರಶ್ನೆ. ಆ ರುಚಿಗೆ ಹಸಿದಿದ್ದವರು ಓಡಿಬಂದು ಅಂಕ ಹಾಕಿದರು. ಮೊದಲ ಕಂತುಗಳ ಜೋಕುಗಳು ನನಗೂ ಹಿಡಿಸಲಿಲ್ಲ. ಆದರೆ ಮೂರನೇ ಕಂತಿನಲ್ಲಿ ಗಂಡಸರೇ ತುಂಬಿದ ಒಂದು ಜನಾಂಗದ ದಂಪತಿಗೆ ಹೆಣ್ಣುಮಗು ಹುಟ್ಟುತ್ತದೆ. ಅದನ್ನು ಗಂಡಾಗಿ ಮಾರ್ಪಡಿಸಬೇಕಾ ಬೇಡ್ವಾ ಅಂತ ವಾದ ನಡೆಯುತ್ತದೆ. ಆ ಕಂತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. 'ಡಿಸ್ಕವರಿ' ಹೊಸ ದಾರಿ ಹಿಡಿಯಿತು. ಹಳೆಯ ಅಭಿಮಾನಿಗಳಲ್ಲಿ ತುಂಬಾ ಜನ ಸಿಟ್ಟಾದರು. ಅಂದರೆ ಆ ಅಂಕಗಳಲ್ಲಿ ನನಗೆ ಕಂಡದ್ದು ಸೀರೀಸ್‌ನ ಗುಣ ಅಲ್ಲ, ಅಂಕ ಹಾಕಿದವರು ಏನು ಬಯಸಿ ಬಂದಿದ್ದರು ಅನ್ನೋದು. ಅವತ್ತಿನಿಂದ ನಾನು ಅಂಕ ನೋಡಿದಾಗಲೆಲ್ಲ ಕೇಳಿಕೊಳ್ಳುವುದು ಇದನ್ನೇ: ಇದನ್ನು ಹಾಕಿದವರು ಯಾರು?

ಇನ್ನೊಂದು ವಿಷಯ. ಎಲ್ಲ ಅಂಕಗಳೂ ಒಂದೇ ಅಳತೆಯವಲ್ಲ. ರಾಟನ್ ಟೊಮ್ಯಾಟೋಸ್‌ನಲ್ಲಿ 95 ಅಂದ್ರೆ 100ಕ್ಕೆ 95 ಅಂಕ ಅಂತ ಅಲ್ಲ. ನೂರು ವಿಮರ್ಶಕರಲ್ಲಿ 95 ಜನ 'ಪರವಾಗಿಲ್ಲ, ನೋಡಬಹುದು' ಅಂದಿದ್ದಾರೆ ಅಷ್ಟೇ. ಎಲ್ಲರೂ 'ಸುಮಾರಾಗಿ ಚೆನ್ನಾಗಿದೆ' ಅಂದರೂ 100 ಬರುತ್ತದೆ. ಅರ್ಧ ಜನ ಕುಣಿದಾಡಿ, ಇನ್ನರ್ಧ ಎದ್ದು ಹೋದರೆ 50. ಒಳ್ಳೆಯ ಸೈನ್ಸ್ ಫಿಕ್ಷನ್ ಎಷ್ಟೋ ಸಲ ಈ ಎರಡನೇ ಜಾತಿಯದು. ಐಎಂಡಿಬಿಯದು 1ರಿಂದ 10ರವರೆಗಿನ ಮತಗಳ ಸರಾಸರಿ, ಅದರಲ್ಲೂ ಎಲ್ಲ ಮತಕ್ಕೂ ಒಂದೇ ತೂಕ ಕೊಡುವುದಿಲ್ಲ.

ನಿಮ್ಮ ತಮ್ಮ ಹಾಕಿದ ಸಿನಿಮಾದ ವಿಷಯ ಹೇಳುತ್ತೇನೆ. ಅಮೆರಿಕದಲ್ಲಿ ಸಿನಿಮಾಸ್ಕೋರ್ ಅಂತ ಒಂದು ಸಂಸ್ಥೆ ಇದೆ. ಬಿಡುಗಡೆಯ ಮೊದಲ ರಾತ್ರಿ ಥಿಯೇಟರ್‌ಗೆ ಬಂದವರ ಕೈಗೆ ಚೀಟಿ ಕೊಟ್ಟು, ಎ ಇಂದ ಎಫ್ ತನಕ ಗ್ರೇಡ್ ಕೇಳುತ್ತದೆ. 'ಅನೈಹಿಲೇಶನ್'ಗೆ ಸಿಕ್ಕಿದ್ದು ಸಿ. ಅನ್ಯಗ್ರಹದವರ ಭಾಷೆ ಕಲಿಯುವ 'ಅರೈವಲ್'ಗೆ ಬಿ. 2002ರ 'ಸೊಲಾರಿಸ್'ಗಂತೂ ಎಫ್! ಜಾರ್ಜ್ ಕ್ಲೂನಿ ಇದ್ದಾರೆ, ಅಂತರಿಕ್ಷ ನೌಕೆ ಇದೆ ಅಂತ ಹೋದವರ ಮುಂದೆ ಬಂದದ್ದು ತೀರಿಕೊಂಡ ಹೆಂಡತಿಗಾಗಿ ಕೊರಗುವ ಮನುಷ್ಯನ ನಿಧಾನದ ಕಥೆ. ಮೊದಲ ರಾತ್ರಿಯ ಗ್ರೇಡ್ ಹೇಳುವುದು ಒಂದೇ ಮಾತು: ಟ್ರೇಲರ್ ನೋಡಿ ಏನು ಅಂದುಕೊಂಡಿದ್ದರೋ ಅದು ಸಿಕ್ತಾ ಇಲ್ವಾ. ಹಾಗಾಗಿ ಸೈನ್ಸ್ ಫಿಕ್ಷನ್ ಸಿನಿಮಾಕ್ಕೆ ಸಿ ಬಂದರೆ ನಾನು ಹೆದರುವುದಿಲ್ಲ. ಯಾಕೆ ಬಂತು ಅಂತ ಹುಡುಕುತ್ತೇನೆ.

ಸೀರೀಸ್ ಅಂಕಕ್ಕೆ ಇನ್ನೊಂದು ತೊಡಕು ಇದೆ. ಎರಡನೇ ಕಂತಿಗೆ ಎದ್ದು ಹೋದವರಲ್ಲಿ ಎಷ್ಟು ಜನ ಅಂಕ ಹಾಕಲು ಬರುತ್ತಾರೆ? ನೀವು ಹಾಕಿದ್ರಾ? ಕೊನೆ ತನಕ ಉಳಿದವರೇ ಜಾಸ್ತಿ ಹಾಕುತ್ತಾರೆ. ಅದಕ್ಕೇ ಸೀರೀಸ್ ಅಂಕ ಸಿನಿಮಾದ್ದಕ್ಕಿಂತ ಮೇಲೆ ಇರುತ್ತದೆ. ನನ್ನ ಲೆಕ್ಕದಲ್ಲಿ ಸೀರೀಸ್‌ನ 8.5ನ್ನು ಸಿನಿಮಾದ 7.5ರ ಹಾಗೆ ನೋಡಬೇಕು.

ನಾನು ಈಗ ಮಾಡುವುದು ಇಷ್ಟೇ. ಒಟ್ಟು ಅಂಕ ಬಿಟ್ಟು ಕಂತು ಕಂತಿನ ಅಂಕ ನೋಡುತ್ತೇನೆ. ಎಲ್ಲಿಂದ ಏರಿದೆ ಅಂತ ಗೊತ್ತಾಗುತ್ತದೆ. ಆಮೇಲೆ 10 ಕೊಟ್ಟವರ ಬರಹವನ್ನೂ 1 ಕೊಟ್ಟವರ ಬರಹವನ್ನೂ ಬಿಟ್ಟು, 5, 6, 7 ಕೊಟ್ಟವರದ್ದು ನಾಲ್ಕೈದು ಓದುತ್ತೇನೆ. ಅವರು ಕಾರಣ ಬರೆದಿರುತ್ತಾರೆ. 'ತುಂಬಾ ನಿಧಾನ, ಮಾತೇ ಜಾಸ್ತಿ' ಅಂತ ಒಬ್ಬರು ಬೈದಿದ್ದರೆ ನನಗೆ ಅದೇ ಆಹ್ವಾನ. ನಿಮಗೆ ಅದೇ ಎಚ್ಚರಿಕೆ ಆಗಬಹುದು.

'ಎಕ್ಸ್‌ಪ್ಯಾನ್ಸ್' ಮೂರಕ್ಕೆ ಬಿಟ್ಟಿರಿ ಅಂತ ಓದಿ ಸಂಕಟವಾಯಿತು. ದಯವಿಟ್ಟು ನಾಲ್ಕನೇ ಕಂತು ನೋಡಿ. ಮೊದಲ ಮೂರರಲ್ಲಿ ಭೂಮಿ, ಮಂಗಳ, ಕ್ಷುದ್ರಗ್ರಹಗಳ ಜನ ಅಂತ ಮೂರು ಕಡೆಯ ರಾಜಕೀಯ ಹರಡುತ್ತಾರೆ. ಯಾರು ಯಾರು ಅಂತಲೇ ತಿಳಿಯುವುದಿಲ್ಲ. ನಾಲ್ಕರಲ್ಲಿ ಹಡಗುಗಳ ಕಾಳಗ ಇದೆ. ವೇಗ ಹೆಚ್ಚಿದಾಗ ಮೈಮೇಲೆ ಬೀಳುವ ಭಾರ, ಗುಂಡಿನ ತೂತಿನಿಂದ ಗಾಳಿ ಸೋರಿಹೋಗುವುದು, ಎಲ್ಲವನ್ನೂ ಅಷ್ಟು ಶ್ರದ್ಧೆಯಿಂದ ತೋರಿಸಿದ್ದು ಟಿವಿಯಲ್ಲಿ ನಾನು ಬೇರೆಲ್ಲೂ ಕಂಡಿಲ್ಲ. ಮೂರು ಸೀಸನ್ ಆದ ಮೇಲೆ 2018ರಲ್ಲಿ ಚಾನೆಲ್ ಇದನ್ನು ನಿಲ್ಲಿಸಿತು. ಅಭಿಮಾನಿಗಳು ಹಣ ಕೂಡಿಸಿ ಅಮೆಜಾನ್ ಕಚೇರಿಯ ಮೇಲೆ ಬ್ಯಾನರ್ ಕಟ್ಟಿದ ವಿಮಾನ ಹಾರಿಸಿದರು. ಅಮೆಜಾನ್ ಇನ್ನೂ ಮೂರು ಸೀಸನ್ ಮಾಡಿತು. 8.5 ಅನ್ನುವ ಅಂಕದೊಳಗೆ ಅಂಥವರ ಪ್ರೀತಿಯೂ ಇದೆ.

ಧಾರವಾಡದಿಂದ

'ಡಾರ್ಕ್' ಬಗ್ಗೆ ನಾನು ಹೇಳ್ತೀನಿ ಅಕ್ಕಾ, ಯಾಕಂದ್ರೆ ನಾನೂ ಒಮ್ಮೆ ಬಿಟ್ಟಿದ್ದೆ. ಆಗ ಕೆಲಸ ಮುಗಿಸಿ ಬಂದು ದಿನಕ್ಕೆ ಅರ್ಧ ಕಂತು ನೋಡುತ್ತಿದ್ದೆ. ವಿಂಡನ್ ಅನ್ನುವ ಒಂದು ಊರು, ನಾಲ್ಕು ಮನೆತನ, 33 ವರ್ಷಕ್ಕೊಮ್ಮೆ ತಿರುಗುವ ಕಾಲ. 2019ರ ಅಜ್ಜ 1986ರಲ್ಲಿ ನಡುವಯಸ್ಸಿನವನು, 1953ರಲ್ಲಿ ಹುಡುಗ. ಮೂರು ದಿನ ಬಿಟ್ಟು ಬಂದರೆ ಯಾರ ಮಗ ಯಾರು ಅಂತಲೇ ಮರೆತುಹೋಗಿರುತ್ತದೆ.

ಎರಡನೇ ಸಲ ದಸರಾ ರಜೆಯಲ್ಲಿ ನೋಡಿದೆ. ಪಕ್ಕದಲ್ಲಿ ಒಂದು ನೋಟ್‌ಬುಕ್. ನಮ್ಮ ಅಜ್ಜಿ ಮದುವೆ ಮಾತುಕತೆಯಲ್ಲಿ ಸಂಬಂಧ ಬಿಡಿಸಿ ಹೇಳುವ ಹಾಗೆ ವಂಶವೃಕ್ಷ ಬರೆದುಕೊಂಡೆ. ಇಂಗ್ಲಿಷ್ ಡಬ್ಬಿಂಗ್ ಬಿಟ್ಟು ಜರ್ಮನ್ ಮಾತಿಗೇ ಸಬ್‌ಟೈಟಲ್ ಹಾಕಿಕೊಂಡೆ. ಒಟ್ಟು 26 ಕಂತು, ಹತ್ತೇ ದಿನದಲ್ಲಿ ಮುಗಿಯಿತು. ಕೊನೆಯ ಕಂತಿಗೆ ಅತ್ತುಬಿಟ್ಟೆ.

ಹಾಗಾಗಿ ಅಂಕವೂ ಸುಳ್ಳಲ್ಲ, ನೀವು ಬಿಟ್ಟಿದ್ದೂ ತಪ್ಪಲ್ಲ. ಚಿಕ್ಕ ಮಗು ಇರುವ ಮನೆಗೆ, ಅರ್ಧ ನಿದ್ದೆಯ ಕಣ್ಣಿಗೆ ಅದು ಈಗ ಬೇಡ. ಒಂದೇ ಕೂತಲ್ಲಿ ಮುಗಿಯುವ ಕಥೆ ಬೇಕು ನಿಮಗೆ. 'ಬ್ಲ್ಯಾಕ್ ಮಿರರ್' ಆಗಬಹುದು, ಪ್ರತಿ ಕಂತೂ ಬೇರೆ ಕಥೆ. ಆದರೆ ಮಲಗುವ ಮುಂಚೆ ನೋಡಬೇಡಿ, ಮನಸ್ಸು ಕಲಕುತ್ತದೆ. 1987ರ 'ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಷನ್' ಇನ್ನೂ ಒಳ್ಳೆಯದು. ಅದರ ಮೊದಲ ಎರಡು ಸೀಸನ್ ಸಪ್ಪೆ. ಮೂರರಿಂದ ಶುರು ಮಾಡಿದರೂ ನಷ್ಟವಿಲ್ಲ.

ನ್ಯೂಜೆರ್ಸಿಯಿಂದ

ಐಎಂಡಿಬಿಯಲ್ಲಿ ಅಂಕದ ಮೇಲೆ ಒತ್ತಿದರೆ ಮತಗಳ ಕಂಬಗಳು ಕಾಣುತ್ತವೆ. ಎಷ್ಟು ಜನ 10 ಕೊಟ್ಟರು, ಎಷ್ಟು ಜನ 9, ಹಾಗೇ ಇಳಿಯುತ್ತಾ 1ರ ತನಕ. ನಾನು ಮೊದಲು ನೋಡುವುದು ಅದನ್ನೇ. ಸಹಜವಾಗಿ ಬಂದ ಮತಗಳಾದರೆ 7 ಅಥವಾ 8ರ ಹತ್ತಿರ ಗುಡ್ಡದ ಹಾಗೆ ಕಾಣುತ್ತದೆ. 10ರಲ್ಲಿ ಒಂದು ಕಂಬ, 1ರಲ್ಲಿ ಇನ್ನೊಂದು ಕಂಬ ಎದ್ದು ನಿಂತು ಮಧ್ಯೆ ಬಯಲಾಗಿದ್ದರೆ ಅಲ್ಲಿ ಬೇರೇನೋ ಜಗಳ ನಡೆದಿದೆ.

ನನ್ನ ಮಗಳಿಗೆ 'ಡಾಕ್ಟರ್ ಹೂ' ಅಂದ್ರೆ ಹುಚ್ಚು. ಡಾಕ್ಟರ್ ಅನ್ನುವ ಕಾಲಯಾತ್ರಿಯ ಬ್ರಿಟಿಷ್ ಸೀರೀಸ್ ಅದು, ಆ ಪಾತ್ರಕ್ಕೆ ಆಗಾಗ ಹೊಸಬರು ಬರುತ್ತಾರೆ. 1963ರಿಂದ ಡಾಕ್ಟರ್ ಪಾತ್ರ ಮಾಡಿದವರೆಲ್ಲ ಗಂಡಸರು. 2018ರಲ್ಲಿ ಮೊದಲ ಸಲ ಒಬ್ಬ ನಟಿ, ಜೋಡಿ ವಿಟೇಕರ್, ಬಂದರು. ಬ್ರಿಟನ್‌ನಲ್ಲಿ ಅವರ ಮೊದಲ ಕಂತು ನೋಡಿದವರು ಸುಮಾರು 1 ಕೋಟಿ 9 ಲಕ್ಷ ಜನ. ವಿಮರ್ಶಕರೂ ಆ ಸೀಸನ್ ಮೆಚ್ಚಿದರು. ಆದರೆ ರಾಟನ್ ಟೊಮ್ಯಾಟೋಸ್‌ನಲ್ಲಿ ಪ್ರೇಕ್ಷಕರ ಅಂಕ ನೆಲ ಕಚ್ಚಿತ್ತು. ಬರವಣಿಗೆ ಕೆಲವು ಕಡೆ ಸಪ್ಪೆ ಅನ್ನೋದು ನಿಜ, ನಾನೂ ಒಪ್ಪುತ್ತೇನೆ. ಆದರೆ ಅಷ್ಟು ಕೆಳಗಿನ ಅಂಕಕ್ಕೆ ಅದೊಂದೇ ಕಾರಣ ಅಂತ ನನಗೆ ಅನ್ನಿಸಲಿಲ್ಲ. ಆಗ ಮಗಳಿಗೆ ಒಂಬತ್ತು ವರ್ಷ. ಆ ಅಂಕ ನೋಡಿ ಟಿವಿ ಆಫ್ ಮಾಡಿದ್ದರೆ, ಬಸ್ಸಿನಲ್ಲಿ ಸೀಟು ಬಿಟ್ಟುಕೊಡದೆ ವರ್ಣಭೇದವನ್ನು ಎದುರಿಸಿದ ಅಮೆರಿಕದ ರೋಸಾ ಪಾರ್ಕ್ಸ್ ಇರುವ ಕಂತನ್ನು ಅವಳು ನೋಡುತ್ತಿರಲಿಲ್ಲ. ಮಾರನೇ ದಿನ ಅವಳೇ ಲೈಬ್ರರಿಗೆ ಹೋಗಿ ಆಯಮ್ಮನ ಬಗ್ಗೆ ಪುಸ್ತಕ ತಂದಳು.

2019ರಲ್ಲಿ ರಾಟನ್ ಟೊಮ್ಯಾಟೋಸ್ ಬಿಡುಗಡೆಗೆ ಮುಂಚೆ ಪ್ರೇಕ್ಷಕರು ಕಾಮೆಂಟ್ ಹಾಕುವುದನ್ನೇ ನಿಲ್ಲಿಸಿತು. ನಂತರ ಸಿನಿಮಾ ಟಿಕೆಟ್ ಕೊಂಡಿದ್ದು ಖಚಿತವಾದವರ ಅಂಕವನ್ನು ಬೇರೆಯಾಗಿ ತೋರಿಸಲು ಶುರು ಮಾಡಿತು. ಆರಿಸುವಾಗ ಅದನ್ನು ಗಮನಿಸಿ.

ಶಿವಮೊಗ್ಗದಿಂದ

ನಾನು ನಿವೃತ್ತ ಮೇಷ್ಟ್ರು. ನಮ್ಮ ಕಾಲದಲ್ಲಿ ಅಂಕ ಎಲ್ಲಿತ್ತು ತಾಯೀ? ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ಹಳೆಯ 'ಸ್ಟಾರ್ ಟ್ರೆಕ್' ಬರುತ್ತಿತ್ತು. ಬೀದಿಯಲ್ಲಿ ಇದ್ದದ್ದು ಎರಡೇ ಟಿವಿ. ಕೂತು ನೋಡಿದೆವು, ಅಷ್ಟೇ.

ಅದೇ ಸೀರೀಸ್ ಅಮೆರಿಕದಲ್ಲಿ ರೇಟಿಂಗ್ ಇಲ್ಲ ಅಂತ ನಿಂತುಹೋದದ್ದು ಅಂತ ಆಮೇಲೆ ಓದಿ ತಿಳಿಯಿತು. ಅಲ್ಲಿ ರೇಟಿಂಗ್ ಅಂದರೆ ಎಷ್ಟು ಮನೆಯವರು ನೋಡಿದರು ಅನ್ನುವ ಲೆಕ್ಕ. 1966ರಲ್ಲಿ ಶುರುವಾಯಿತು. ಎರಡನೇ ಸೀಸನ್‌ಗೇ ಮುಗಿಸಬೇಕು ಅಂದಾಗ ಅಭಿಮಾನಿಗಳು ರಾಶಿ ರಾಶಿ ಕಾಗದ ಬರೆದು ಇನ್ನೊಂದು ವರ್ಷ ಉಳಿಸಿಕೊಂಡರು. ಆದರೆ ಮೂರನೇ ಸೀಸನ್ ಹಾಕಿದ್ದು ಶುಕ್ರವಾರ ರಾತ್ರಿ ಹತ್ತಕ್ಕೆ. ಹರೆಯದವರು ಆ ಹೊತ್ತಿಗೆ ಮನೆಯಲ್ಲಿ ಇರ್ತಾರಾ? 1969ರಲ್ಲಿ, 79 ಕಂತಿಗೆ, ಮುಗಿಯಿತು. ಮರುಪ್ರಸಾರದಲ್ಲೇ ಅದು ಮನೆಮಾತಾಯಿತು.

ಸಿನಿಮಾ ಕಥೆಯೂ ಹಾಗೇ. 1982ರ ಜೂನ್ 25, ಒಂದೇ ದಿನ 'ಬ್ಲೇಡ್ ರನ್ನರ್' ಮತ್ತು 'ದಿ ಥಿಂಗ್' ತೆರೆಕಂಡವು. ಅದಕ್ಕೆ ಎರಡು ವಾರ ಮುಂಚೆ ಬಂದಿದ್ದ 'ಇ.ಟಿ.'ಯ ಮುದ್ದು ಜೀವಿಗೆ ಜನ ಮನಸೋತಿದ್ದರು. ಕತ್ತಲು ತುಂಬಿದ ಈ ಎರಡನ್ನು ಹೆಚ್ಚು ಜನ ನೋಡಲಿಲ್ಲ. 'ದಿ ಥಿಂಗ್' ಅನ್ನು ವಿಮರ್ಶಕರು ಕೂಡ ಕಟುವಾಗಿ ಬೈದರು. ಇವತ್ತು ಎರಡಕ್ಕೂ ಐಎಂಡಿಬಿಯಲ್ಲಿ 8ರ ಮೇಲೆ ಇದೆ. ನಿಮ್ಮ ನಿಯಮ ಆ ವಾರ ಎರಡನ್ನೂ ಹೊರಗಿಡುತ್ತಿತ್ತು. ಇವತ್ತು ಒಳಗೆ ಬಿಡುತ್ತದೆ. ಸಿನಿಮಾದಲ್ಲಿ ಒಂದು ಚೌಕಟ್ಟೂ ಬದಲಾಗಿಲ್ಲ ಅಂತ 'ದಿ ಥಿಂಗ್' ಬಗ್ಗೆಯಂತೂ ಹೇಳಬಹುದು. 'ಬ್ಲೇಡ್ ರನ್ನರ್' ಅನ್ನು ನಿರ್ದೇಶಕರು ಆಮೇಲೆ ತಿದ್ದಿದರು. ನೋಡುವುದಾದರೆ 2007ರ ಫೈನಲ್ ಕಟ್ ನೋಡಿ.

ಹೊಸದು ಬಂದ ವಾರದ ಅಂಕಕ್ಕೆ ನಾನು ಬೆಲೆ ಕೊಡುವುದಿಲ್ಲ. ಐದು ವರ್ಷ ಕಳೆದ ಮೇಲೂ ಜನ ಮಾತಾಡುತ್ತಿದ್ದರೆ ನೋಡುತ್ತೇನೆ. ನನಗೇನೂ ಅವಸರ ಇಲ್ಲ.

ಬೆಂಗಳೂರಿನಿಂದ, ಇನ್ನೊಬ್ಬರು

ಕನ್ನಡದಲ್ಲೂ ಒಂದು ಹೇಳ್ತೀನಿ. 2024ರ ಮಾರ್ಚ್‌ನಲ್ಲಿ 'ಬ್ಲಿಂಕ್' ಬಂತು, ಕಾಲಯಾನದ ಕಥೆ. ದೊಡ್ಡ ಹೆಸರುಗಳಿಲ್ಲ. ನಾನು ಹೋದದ್ದು ಅಂಕ ನೋಡಿ ಅಲ್ಲ, ಆಫೀಸಿನ ಗೆಳೆಯ ಎರಡನೇ ಸಲ ನೋಡಲು ಹೊರಟಿದ್ದ ಅನ್ನುವ ಕಾರಣಕ್ಕೆ. ನಿಮ್ಮ ರುಚಿ ಬಲ್ಲ ಒಬ್ಬರು 'ಬಾ, ಇನ್ನೊಂದು ಸಲ ನೋಡೋಣ' ಅಂದರೆ ಹೊರಟುಬಿಡಿ. ನಿಮ್ಮ ತಮ್ಮ ಅಂಥವನೇ ಅನ್ನಿಸುತ್ತೆ. ಮುಂದಿನದನ್ನೂ ಅವನನ್ನೇ ಕೇಳಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೇಷ್ಟ್ರೇ, ನಿಮ್ಮ ಮಾತನ್ನು ನಮ್ಮೆಜಮಾನರಿಗೆ ಓದಿ ಹೇಳಿದೆ. 'ದಿ ಥಿಂಗ್' ಶನಿವಾರಕ್ಕೆ ಇಟ್ಟುಕೊಂಡಿದ್ದೇವೆ. 'ಡಾರ್ಕ್' ಮಗು ಸ್ವಲ್ಪ ದೊಡ್ಡವಳಾದ ಮೇಲೆ, ನೋಟ್‌ಬುಕ್ ಸಮೇತ.

ನಿನ್ನೆ ರಾತ್ರಿ 'ಎಕ್ಸ್‌ಪ್ಯಾನ್ಸ್' ನಾಲ್ಕನೇ ಕಂತು ಹಾಕಿದೆವು. ಮೈಸೂರಿನವರು ಹೇಳಿದ ಕಾಳಗ ಶುರುವಾದ ಹೊತ್ತಿಗೆ ಮಗು ಎದ್ದು ಅಳತೊಡಗಿತು. ಇವರು ಎತ್ತಿಕೊಂಡು ಬಂದು, ತೊಡೆ ಮೇಲೆ ತಟ್ಟುತ್ತಾ, ಶಬ್ದ ಕಡಿಮೆ ಮಾಡಿ ಸಬ್‌ಟೈಟಲ್ ಓದಿಕೊಂಡೇ ಪೂರ್ತಿ ನೋಡಿದರು. ಮುಗಿದಾಗ ಗಂಟೆ ಹನ್ನೊಂದು. ಐದನೆಯದನ್ನೂ ಹಾಕು ಅಂದರು.