ಪದಚರ್ಚೆ: ಕೇಬಲ್, ಡಿಶ್ ಸೇವೆಗಳ ‘ರೆಗ್ಯುಲೇಶನ್’ಗೆ ಯಾವ ಪದ?

ತೀರ್ಥಹಳ್ಳಿಯ ಮಿತ್ರರಿಗೆ ನಮಸ್ಕಾರ.

ಬಸ್ ನಿಲ್ದಾಣದಲ್ಲಿ ಹಾಕುವ ಗ್ರಾಹಕರ ಬಳಗದ ಫಲಕದಲ್ಲಿ, ಕೇಬಲ್, ಡಿಶ್ ಟಿವಿ ಸೇವೆಗಳ ಮೇಲಿನ ಸರ್ಕಾರದ ‘ರೆಗ್ಯುಲೇಶನ್’ಗೆ ಯಾವ ಕನ್ನಡ ಪದ ಬರೆಯಬೇಕೆಂದು ಕೇಳಿ, ಸೋಮವಾರದೊಳಗೆ ಉತ್ತರ ಬೇಕೆಂದಿದ್ದೀರಿ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಸಂಸ್ಥೆಯ ಹೆಸರು ಬರುವಲ್ಲಿ ‘ನಿಯಂತ್ರಣ’ ಎಂದೇ ಇರಲಿ, ಸರ್ಕಾರ ಏನು ಮಾಡುತ್ತದೆಂದು ವಿವರಿಸುವಲ್ಲಿ ‘ಕಟ್ಟಳೆ’ ಎಂದು ಬರೆಯಿರಿ, ನಿಮ್ಮ ಕರಡಿನ ‘ರಾಜ್ಯ ನಿಯಂತ್ರಣ’ ಎಂಬ ಶೀರ್ಷಿಕೆಯನ್ನು ಮಾತ್ರ ದಯವಿಟ್ಟು ತೆಗೆಯಿರಿ.

ಕೊನೆಯದು ಬರಿಯ ಅಭಿರುಚಿಯ ಮಾತಲ್ಲ. ಶಿವಮೊಗ್ಗದ ಓದುಗರಿಗೆ ‘ರಾಜ್ಯ’ ಎಂದರೆ ಕರ್ನಾಟಕ. ಪ್ರಸಾರವಾದರೋ ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಕೇಂದ್ರ ಪಟ್ಟಿಯ 31ನೆಯ ನಮೂದಿಗೆ ಸೇರಿದ ವಿಷಯ; 1995ರ ಕೇಬಲ್ ಟೆಲಿವಿಷನ್ ಜಾಲಗಳ ಕಾಯ್ದೆ ಸಂಸತ್ತು ಮಾಡಿದ್ದು. ಜಿಲ್ಲಾಧಿಕಾರಿಗಳೂ ಉಪವಿಭಾಗಾಧಿಕಾರಿಗಳೂ ಕ್ರಮ ಕೈಗೊಳ್ಳಬಲ್ಲರು, ಆದರೆ ಆ ಅಧಿಕಾರ ಅವರಿಗೆ ಬರುವುದು ಅದೇ ಕೇಂದ್ರ ಕಾಯ್ದೆಯಿಂದ. ‘ರಾಜ್ಯ’ದ ಬದಲು ‘ಪ್ರಭುತ್ವ’ ಎನ್ನೋಣವೆಂದರೆ, ಆ ಪದ ಪ್ರಬಂಧಕ್ಕೆ ಒಪ್ಪುತ್ತದೆ, ಬಸ್ ನಿಲ್ದಾಣದ ಫಲಕಕ್ಕೆ ಒಪ್ಪುವುದಿಲ್ಲ. ‘ಸರ್ಕಾರ’ ಎಂದರೆ ಸಾಕು.

ಇನ್ನು ‘ನಿಯಂತ್ರಣ’. ಭದ್ರಾವತಿಯ ಮಿತ್ರರು ಅದು ‘ಯಂತ್ರ’ದಿಂದ ಹುಟ್ಟಿದ ಪದವಾದ್ದರಿಂದ ಮನುಷ್ಯ ವ್ಯವಹಾರಕ್ಕೆ ಸಲ್ಲದು ಎಂದಿದ್ದಾರೆ. ಈ ವಾದ ನಿಲ್ಲುವುದಿಲ್ಲ. ಯಂತ್ರ, ನಿಯಮ, ನಿಯಂತ್ರಣ, ಅವರೇ ಸೂಚಿಸಿದ ‘ವಿನಿಯಮನ’ ಎಲ್ಲವೂ ತಡೆದು ಹಿಡಿಯುವ ಅರ್ಥದ ‘ಯಮ್’ ಧಾತುವಿನವೇ. ನಿರುಕ್ತಿಯಿಂದ ಇಲ್ಲಿ ತೀರ್ಮಾನವಾಗದು, ಬಳಕೆಯಿಂದ ಆಗಬೇಕು. ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಎಂದು ಜನ ಓದಿ ರೂಢಿಸಿಕೊಂಡಿರುವ ಹೆಸರುಗಳನ್ನು ನಾವು ಕೆಡಿಸಬಾರದು. ‘ವಿನಿಯಮನ’ ಶಾಸನದ ಭಾಷಾಂತರದಲ್ಲಿ ಬಾಳುತ್ತಿರುವ ಪದ, ಅಲ್ಲಿಯೇ ಇರಲಿ.

ಆದರೂ ವಿವರಣೆಯಲ್ಲಿ ‘ನಿಯಂತ್ರಣ’ ಬೇಡವೆನ್ನುವುದಕ್ಕೆ ಬಲವಾದ ಕಾರಣವಿದೆ. ಆ ಪದ ಕೇಳಿದೊಡನೆ ಜನರಿಗೆ ತಡೆ ಹಾಕುವುದು, ಹಿಡಿತದಲ್ಲಿಡುವುದು ಎಂಬ ಅರ್ಥವೇ ಹೊಳೆಯುತ್ತದೆ. ಕಾಯ್ದೆಯ ಬಹುಪಾಲು ಹಾಗಿಲ್ಲ: ಕೇಬಲ್ ನಡೆಸುವವರು ನೋಂದಣಿ ಮಾಡಿಸಬೇಕು, ಕಾರ್ಯಕ್ರಮ ಸಂಹಿತೆಯನ್ನೂ ಜಾಹೀರಾತು ಸಂಹಿತೆಯನ್ನೂ ಪಾಲಿಸಬೇಕು, ಗೊತ್ತುಪಡಿಸಿದ ದೂರದರ್ಶನ ಚಾನೆಲ್‌ಗಳನ್ನು ಕಡ್ಡಾಯವಾಗಿ ಒಯ್ಯಬೇಕು. ನೋಂದಣಿಯ ಕೆಲಸ ಮೊದಲು ಪ್ರಧಾನ ಅಂಚೆ ಕಚೇರಿಯ ಅಂಚೆಪಾಲಕರಲ್ಲಿತ್ತು; 2025ರ ಜನವರಿಯ ತಿದ್ದುಪಡಿಯ ನಂತರ ವಾರ್ತಾ ಮತ್ತು ಪ್ರಸಾರ ಸಚಿವಾಲಯವೇ ಆನ್‌ಲೈನಿನಲ್ಲಿ ಐದು ವರ್ಷಗಳ ಅವಧಿಗೆ ನೋಂದಾಯಿಸುತ್ತದೆ. ದರ, ಬಿಡಿ ಚಾನೆಲ್ ಆಯ್ಕೆ, ಚಾನೆಲ್ ಕಟ್ಟುಗಳ ವಿಚಾರ ಟ್ರಾಯ್‌ಗೆ, ಎಂದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರಕ್ಕೆ, ಸೇರಿದ್ದು. ಪ್ರಸಾರ ಮತ್ತು ಕೇಬಲ್ ಸೇವೆಗಳು ಅದರ ವ್ಯಾಪ್ತಿಗೆ ಬಂದದ್ದು 2004ರಲ್ಲಿ. ಇವೆಲ್ಲ ಕಟ್ಟಳೆಗಳು. ಕೇಬಲ್ ಕಾಯ್ದೆಯ 19 ಮತ್ತು 20ನೆಯ ಪ್ರಕರಣಗಳು ಕೊಡುವ ಪ್ರಸಾರ ನಿಲ್ಲಿಸುವ ಅಧಿಕಾರವೇ ಬೇರೆ, ಅದನ್ನು ‘ನಿಷೇಧ’ ಎಂದು ನೇರವಾಗಿ ಹೆಸರಿಸಬೇಕು. ಎರಡನ್ನೂ ‘ನಿಯಂತ್ರಣ’ದೊಳಗೆ ತುರುಕಿದರೆ ದರಪಟ್ಟಿ ಕೇಳಲು ಹೊರಟ ಗ್ರಾಹಕರಿಗೂ ಸುದ್ದಿ ಚಾನೆಲ್ ನಿಂತಿತೆಂದು ಕಳವಳಪಡುವ ನಾಗರಿಕರಿಗೂ ಒಂದೇ ಉತ್ತರ ಸಿಕ್ಕಂತಾಗುತ್ತದೆ. ‘ಕಟ್ಟುಕಟ್ಟಳೆ’ ಎಂದು ನಮ್ಮ ಮನೆಗಳಲ್ಲಿ ಇಂದಿಗೂ ಆಡುವ ಪದವನ್ನು ಹಳತೆಂದು ಬದಿಗಿಡುವುದನ್ನು ನಾನು ಒಪ್ಪಲಾರೆ.

ಸಾಗರದ ಹಿರಿಯರು ‘ಕೇಬಲ್’ ಬದಲು ‘ತಂತಿವಾಹಿನಿ’ ಎಂದು ಬರೆಯುವುದೇ ಅಚ್ಚಗನ್ನಡ ಎಂದಿದ್ದಾರೆ. ಅಲ್ಲ. ‘ವಾಹಿನಿ’ ಸಂಸ್ಕೃತ, ‘ತಂತಿ’ ‘ತಂತ್ರೀ’ಯ ತದ್ಭವ, ಮೇಲಾಗಿ ಹಳಬರಿಗೆ ತಂತಿ ಎಂದರೆ ಟೆಲಿಗ್ರಾಂ. ಸರ್ಕಾರ, ಜಿಲ್ಲೆ, ತಾಲ್ಲೂಕು, ಅರ್ಜಿ ಇವೆಲ್ಲ ಪಾರಸಿ, ಅರಬ್ಬಿಗಳಿಂದ ಬಂದು ನಮ್ಮವಾಗಿವೆ, ಕೇಬಲ್ಲೂ ನಮ್ಮದಾಗಿದೆ. ಎರವಲನ್ನು ಅಳೆಯಬೇಕಾದದ್ದು ಅದು ಬಂದ ಊರಿನಿಂದಲ್ಲ, ‘ಕೇಬಲ್ಲಿಗೆ’, ‘ಕೇಬಲ್ಲಿನವರು’ ಎಂದು ನಮ್ಮ ಪ್ರತ್ಯಯಗಳನ್ನು ಹೊತ್ತು ಅದು ನಡೆಯುತ್ತದೆಯೇ ಎಂಬುದರಿಂದ.

‘ಡಿಶ್’ ಬದಲು ‘ಉಪಗ್ರಹ ಟಿವಿ’ ಎನ್ನುವುದರಲ್ಲಿ ಬೇರೊಂದು ತೊಡಕಿದೆ, ಅದನ್ನು ಯಾರೂ ಎತ್ತಲಿಲ್ಲ. ಕೇಬಲ್ ಜಾಲಗಳೂ ಬಹುಪಾಲು ಚಾನೆಲ್‌ಗಳನ್ನು ಉಪಗ್ರಹದಿಂದಲೇ ಪಡೆದು ತಂತಿಯಲ್ಲಿ ಹಂಚುತ್ತವೆ. ಹಾಗಾಗಿ ಈ ಪದ ಎರಡು ಸೇವೆಗಳನ್ನು ಬೇರ್ಪಡಿಸುವುದಿಲ್ಲ. ಮನೆ ಮನೆಯ ತಟ್ಟೆಗೆ ಕೆಯು ಬ್ಯಾಂಡ್ ಎಂಬ ತರಂಗಗಳಲ್ಲಿ ಉಪಗ್ರಹದಿಂದ ನೇರವಾಗಿ ಬರುವ ಸೇವೆಯನ್ನು ಮಲೆನಾಡಿನವರು ‘ಡಿಶ್’ ಎನ್ನುತ್ತಾರೆ. ಮನೆಗಳು ದೂರದೂರವಿದ್ದು ತೋಟ ದಾಟಿ ಕೇಬಲ್ ಎಳೆಯಲಾಗದ ಕಡೆ ಅದೇ ಗತಿ. ಆಗುಂಬೆಯ ಕಡೆ ಜಡಿಮಳೆಗೆ ಚಿತ್ರ ಹೋಗುವುದೂ ಅದರಲ್ಲಿಯೇ, ಏಕೆಂದರೆ ಆ ತರಂಗಗಳನ್ನು ಮಳೆ ಕುಗ್ಗಿಸುತ್ತದೆ. ಕೇಬಲ್ಲಿನವರಿಗೆ ನೋಂದಣಿ, ಡಿಶ್ ಕಂಪನಿಗೆ ಕೇಂದ್ರದ ಲೈಸೆನ್ಸ್. ಕಟ್ಟಳೆಯೇ ಬೇರೆಯಾಗಿರುವಾಗ ಹೆಸರೂ ಬೇರೆಯಾಗಿರಲಿ.

‘ಆಪರೇಟರ್’ ಎಂಬುದಕ್ಕೆ ‘ನಿರ್ವಾಹಕ’ ಬೇಡ, ಬಸ್ ನಿಲ್ದಾಣದಲ್ಲಿ ಅದು ಕಂಡಕ್ಟರ್ ಎಂದೇ ಓದಿಸಿಕೊಳ್ಳುತ್ತದೆ. ‘ಸೇವೆ ನೀಡುವವರು’ ಎಂದರೆ ತಪ್ಪಿಲ್ಲ.

ಫಲಕದಲ್ಲಿ ಹೀಗೆ ಬರೆಸಬಹುದು: ‘ಕೇಬಲ್ ಮತ್ತು ಡಿಶ್ ಟಿವಿ ಸೇವೆ ನೀಡುವವರಿಗೆ ಸರ್ಕಾರದ ಕಟ್ಟಳೆಗಳು’. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ: ‘ದರ ಮತ್ತು ಚಾನೆಲ್ ಆಯ್ಕೆಯ ಕಟ್ಟಳೆಗಳನ್ನು ಮಾಡುವುದು ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್)’. ಜಾಗ ಸಾಲದಿದ್ದರೆ ಪೂರ್ಣ ಹೆಸರನ್ನು ಬಿಟ್ಟು ‘ಟ್ರಾಯ್’ ಎಂದಷ್ಟೇ ಬರೆಸಿ, ‘ಕಟ್ಟಳೆ’ಯನ್ನು ಬಿಡಬೇಡಿ.